ಜಪಾನಿನ ಇತಿಹಾಸದ ಕಾಲಘಟ್ಟಗಳು: ಗಡಿಗೆರೆಗಳನ್ನು ಎಲ್ಲಿ ಎಳೆಯಬೇಕು?

ಪ್ರಶ್ನೆ (ಚರಿತ್ರೆಯ ಓದುಗಿ)

ಎಲ್ಲರಿಗೂ ನಮಸ್ಕಾರ. ಜಪಾನಿನ ಇತಿಹಾಸವನ್ನು ಮೊದಲಿನಿಂದ ಕ್ರಮವಾಗಿ ಓದಲು ತೊಡಗಿದ್ದೇನೆ. ಜೋಮೊನ್, ಯಾಯೊಯಿ, ಕೊಫುನ್, ಅಸುಕಾ, ನಾರಾ, ಹೇಯಾನ್, ಕಾಮಾಕುರಾ, ಮುರೊಮಾಚಿ, ಅಜುಚಿ-ಮೊಮೊಯಾಮಾ, ಎಡೊ, ಮೇಜಿ ಎಂಬ ಸಾಲು ಬಾಯಿಪಾಠವಾಗಿದೆ. ಅದರೊಳಗಿನ ತರ್ಕ ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಮೊದಲ ಹೆಸರು ಮಡಕೆಗಳ ಮೇಲೆ ಒತ್ತಿದ ಹುರಿಯ ಗುರುತಿನಿಂದ ಬಂದದ್ದು, ಎರಡನೆಯದು ಆ ಬಗೆಯ ಮಡಕೆ ಸಿಕ್ಕಿದ ಟೋಕಿಯೊದ ಒಂದು ಬಡಾವಣೆಯಿಂದ, ಮೂರನೆಯದು ಸಮಾಧಿ ದಿಬ್ಬಗಳಿಂದ. ಆಮೇಲಿನವೆಲ್ಲ ಅಧಿಕಾರ ನೆಲೆಸಿದ್ದ ಸ್ಥಳಗಳ ಹೆಸರುಗಳು. ಮೇಜಿಯಿಂದ ಈಚೆಗೆ ಮತ್ತೆ ಕ್ರಮ ಬದಲಾಗಿ ಚಕ್ರವರ್ತಿಗಳ ಆಳ್ವಿಕೆಯ ಹೆಸರುಗಳು ಬರುತ್ತವೆ.

ಇದರ ಜೊತೆಗೆ ಇಸವಿಗಳ ತೊಡಕು ಬೇರೆ ಇದೆ. ಕಾಮಾಕುರಾ ಯುಗ 1185ರಲ್ಲಿ ಆರಂಭವಾಯಿತೆಂದು ಒಂದು ಪುಸ್ತಕ ಹೇಳಿದರೆ ಇನ್ನೊಂದು 1192 ಎನ್ನುತ್ತದೆ. ಮುರೊಮಾಚಿಗೆ 1336 ಮತ್ತು 1338, ಅಜುಚಿ-ಮೊಮೊಯಾಮಾಕ್ಕೆ 1568 ಮತ್ತು 1573, ಎಡೊಗೆ 1600 ಮತ್ತು 1603. ಲೇಖಕರು ಅಜಾಗರೂಕರಾಗಿ ಬರೆದಿರಲಾರರು. ಪ್ರತಿಯೊಂದು ಇಸವಿಯ ಹಿಂದೆಯೂ ಏನೋ ಒಂದು ವಾದ ಇರಲೇಬೇಕು ಎನ್ನಿಸುತ್ತದೆ.

ನಾನು ಕೇಳಬೇಕೆಂದಿರುವುದು ಇಷ್ಟು. ಈ ಹೆಸರುಗಳನ್ನು ಬಿಡಿಬಿಡಿಯಾಗಿ ನೆನಪಿಡುವ ಬದಲು, ಮೊದಲಿನಿಂದ ಕೊನೆಯವರೆಗೆ ಹಿಡಿದು ಸಾಗಬಹುದಾದ ಒಂದು ಎಳೆ ಇದೆಯೇ? ಯಾವ ಗಡಿಗಳು ನಿಜಕ್ಕೂ ಜನಜೀವನವನ್ನು ಬದಲಿಸಿದವು, ಯಾವುವು ಅರಮನೆಯ ಮಟ್ಟಿಗಿನ ಬದಲಾವಣೆಗಳು?

ಉತ್ತರ (ತಾಳೆಗರಿ)

ನಮಸ್ಕಾರ ಮೇಡಂ. ಅಧಿಕಾರ ಯಾವ ಊರಿನಲ್ಲಿ ಕುಳಿತಿತ್ತು ಎಂಬುದನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಗದ್ದೆಯಲ್ಲಿ ಬೆಳೆದ ಅಕ್ಕಿ ಯಾರ ಕಣಜಕ್ಕೆ, ಯಾವ ಹಕ್ಕಿನ ಬಲದಿಂದ ಹೋಗುತ್ತಿತ್ತು ಎಂದು ಕೇಳುತ್ತಾ ಓದಿ ನೋಡಿ. ನೀವು ಕೇಳುತ್ತಿರುವ ಎಳೆ ಅದೇ ಎಂದು ನಾನು ನಂಬಿದ್ದೇನೆ. ಹಾಗೆ ಓದಿದಾಗ ಕೆಲವು ಹೆಸರಾಂತ ಗಡಿಗಳು ಮಸುಕಾಗುತ್ತವೆ, ಪುಸ್ತಕಗಳಲ್ಲಿ ನಾಲ್ಕೇ ಪುಟಗಳಲ್ಲಿ ಮುಗಿದುಹೋಗುವ ಒಂದು ಕಾಲ ಎದ್ದು ಕಾಣುತ್ತದೆ.

ಜೋಮೊನ್ ಜನರು ಸುಮಾರು 16,000 ವರ್ಷಗಳ ಹಿಂದೆಯೇ ಮಡಕೆ ಮಾಡುತ್ತಿದ್ದರು. ಬೇಟೆ, ಮೀನುಗಾರಿಕೆ ಮತ್ತು ಕಾಡಿನ ಕಾಯಿಗಳ ಸಂಗ್ರಹಣೆ ಅವರ ಬದುಕಿನ ಆಧಾರವಾಗಿತ್ತು. ಕೊರಿಯಾ ಪರ್ಯಾಯದ್ವೀಪದ ಕಡೆಯಿಂದ ಉತ್ತರ ಕ್ಯುಶುವಿಗೆ ನೀರಾವರಿ ಭತ್ತದ ಬೇಸಾಯ ಬಂದದ್ದು ಯಾಯೊಯಿಯ ಆರಂಭ. ಇದು ಕ್ರಿಸ್ತಪೂರ್ವ ಐದನೆಯ ಅಥವಾ ನಾಲ್ಕನೆಯ ಶತಮಾನದ್ದೆಂದು ಬಹುಕಾಲ ತಿಳಿಯಲಾಗಿತ್ತು; 2003ರಲ್ಲಿ ಜಪಾನಿನ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದ ಸಂಶೋಧಕರು ಇಂಗಾಲದ ಕಾಲನಿರ್ಣಯವನ್ನು ಆಧರಿಸಿ ಅದನ್ನು ಕ್ರಿಸ್ತಪೂರ್ವ ಹತ್ತನೆಯ ಶತಮಾನದ ಸುಮಾರಿಗೆ ಒಯ್ದರು. ಹೀಗಾಗಿ ಹಳೆಯ ಮತ್ತು ಹೊಸ ಪುಸ್ತಕಗಳ ನಡುವೆ ಇಲ್ಲಿ ಐದುನೂರು ವರ್ಷಗಳ ಅಂತರ ಕಂಡರೂ ಗಾಬರಿಯಾಗಬೇಡಿ. ಭತ್ತ ಬಂದ ಮೇಲೆ ಕೂಡಿಡಬಹುದಾದ ಧಾನ್ಯ ಬಂತು, ಅದನ್ನು ಕಾಯುವವರೂ ಕಸಿಯುವವರೂ ಬಂದರು. ಇಂದಿನ ಸಕಾಯಿ ನಗರದಲ್ಲಿರುವ ದೈಸೆನ್ ಸಮಾಧಿ ದಿಬ್ಬದ ಉದ್ದ ಸುಮಾರು 486 ಮೀಟರ್. ಅಷ್ಟು ಮಣ್ಣನ್ನು ಹೊರಲು ಸಾವಿರಾರು ಜನರನ್ನು ಹೊಲಗದ್ದೆಗಳಿಂದ ಬಿಡಿಸಿ ತಂದು, ವರ್ಷಗಟ್ಟಲೆ ಊಟ ಹಾಕುವ ಶಕ್ತಿ ಯಾರಲ್ಲೋ ಇತ್ತೆಂಬುದಕ್ಕೆ ಆ ದಿಬ್ಬವೇ ಸಾಕ್ಷಿ.

645ರಲ್ಲಿ ರಾಜಕುಮಾರ ನಾಕಾ ನೊ ಓಎ ಮತ್ತು ನಾಕಾತೊಮಿ ನೊ ಕಾಮಾತಾರಿ ಸೇರಿ ಆಸ್ಥಾನದಲ್ಲಿ ಪ್ರಬಲವಾಗಿದ್ದ ಸೊಗಾ ಮನೆತನದ ಇರುಕಾನನ್ನು ಕೊಂದು ಅಧಿಕಾರ ಹಿಡಿದರು. ಅಲ್ಲಿಂದ ಆರಂಭವಾದ ಸುಧಾರಣೆಗಳು 701ರ ತೈಹೊ ಸಂಹಿತೆಯಲ್ಲಿ ಪೂರ್ಣ ರೂಪ ಪಡೆದವು. ಚೀನಾದ ತಾಂಗ್ ಆಡಳಿತದ ಮಾದರಿಯಲ್ಲಿ ಗದ್ದೆಯೆಲ್ಲ ರಾಜ್ಯದ್ದು ಎಂದಾಯಿತು. ಆರು ವರ್ಷಗಳಿಗೊಮ್ಮೆ ಜನರ ಲೆಕ್ಕ ಬರೆದು, ಆರು ವರ್ಷ ತುಂಬಿದ ಪ್ರತಿ ಗಂಡಿಗೆ ಎರಡು ತಾನ್ (ನೆಲದ ಒಂದು ಅಳತೆ) ಗದ್ದೆಯನ್ನೂ ಹೆಣ್ಣಿಗೆ ಅದರ ಮೂರನೇ ಎರಡು ಭಾಗವನ್ನೂ ಕೊಡುವುದು, ಸತ್ತ ಮೇಲೆ ಅದನ್ನು ಹಿಂಪಡೆಯುವುದು ನಿಯಮವಾಗಿತ್ತು. ನಾರಾದ ಹೇಜೊ ಅರಮನೆಯ ನಿವೇಶನದಲ್ಲಿ ಅಗೆದಾಗ ಸಿಕ್ಕಿದ ತೆಳುವಾದ ಮರದ ಪಟ್ಟಿಗಳನ್ನು ನೋಡಿದರೆ ಈ ವ್ಯವಸ್ಥೆ ಕಣ್ಣಿಗೆ ಕಟ್ಟುತ್ತದೆ. ತೆರಿಗೆಯ ಮೂಟೆಗೆ ದಾರದಿಂದ ಕಟ್ಟಲು ಅಂಚಿನಲ್ಲಿ ಕಚ್ಚು ಮಾಡಿದ ಆ ಪಟ್ಟಿಗಳ ಮೇಲೆ ಪ್ರಾಂತ, ಜಿಲ್ಲೆ, ಹಳ್ಳಿ, ತೆರಿಗೆ ಕೊಟ್ಟವನ ಹೆಸರು, ಉಪ್ಪೋ ಕಡಲಪಾಚಿಯೋ ಎಂಬ ವಿವರ ಮತ್ತು ಅದರ ಅಳತೆಯನ್ನು ಮಸಿಯಲ್ಲಿ ಬರೆಯಲಾಗಿದೆ. ಎಲ್ಲಿಯೋ ಕಡಲಂಚಿನಲ್ಲಿದ್ದ ಒಬ್ಬ ಸಾಮಾನ್ಯನ ಹೆಸರು ರಾಜಧಾನಿಯ ಮಣ್ಣಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಉಳಿದಿದೆ.

ಈ ವ್ಯವಸ್ಥೆ ಸಡಿಲಗೊಂಡದ್ದು ರಾಜಧಾನಿ ಹೇಯಾನ್‌ಗೆ, ಅಂದರೆ ಇಂದಿನ ಕ್ಯೋಟೋಗೆ, ಬದಲಾದ 794ರಲ್ಲಲ್ಲ, ಅದಕ್ಕೂ ಅರ್ಧ ಶತಮಾನ ಮೊದಲು. ಹೊಸದಾಗಿ ಸಾಗುವಳಿಗೆ ತಂದ ಭೂಮಿಯನ್ನು ಮೂರು ತಲೆಮಾರು ಇಟ್ಟುಕೊಳ್ಳಬಹುದೆಂದು 723ರಲ್ಲಿಯೂ ಶಾಶ್ವತವಾಗಿಯೇ ಇಟ್ಟುಕೊಳ್ಳಬಹುದೆಂದು 743ರಲ್ಲಿಯೂ ಕಾನೂನಾಯಿತು. ಕಾಡು ಕಡಿದು ಕಾಲುವೆ ತೋಡಲು ಬಂಡವಾಳವಿದ್ದವರು ದೊಡ್ಡ ದೇವಾಲಯಗಳು ಮತ್ತು ಶ್ರೀಮಂತ ಮನೆತನಗಳು. ಅವರ ಜಮೀನುಗಳು ನಿಧಾನವಾಗಿ ತೆರಿಗೆ ವಿನಾಯಿತಿ ಪಡೆದು, ಸರ್ಕಾರಿ ಅಧಿಕಾರಿಗಳು ಒಳಗೆ ಕಾಲಿಡಲಾಗದ ಶೋಎನ್ ಎಂಬ ಖಾಸಗಿ ಹಿಡುವಳಿಗಳಾದವು. ಹೇಯಾನ್ ಕಾಲದ ಫುಜಿವಾರಾ ಮನೆತನದ ವೈಭವಕ್ಕೂ, 1086ರ ನಂತರ ಸಿಂಹಾಸನ ಬಿಟ್ಟ ಚಕ್ರವರ್ತಿಗಳು ಹಿಂದೆ ನಿಂತು ನಡೆಸಿದ ಆಡಳಿತಕ್ಕೂ ಹಣ ಬಂದದ್ದು ಇಂಥ ಹಿಡುವಳಿಗಳಿಂದ. ಒಂದೇ ಗದ್ದೆಯ ಮೇಲೆ ರಾಜಧಾನಿಯ ಪೋಷಕನಿಗೆ ಒಂದು ಪಾಲು, ಹಿಡುವಳಿಯ ಒಡೆಯನಿಗೆ ಒಂದು ಪಾಲು, ಸ್ಥಳೀಯ ಮೇಲ್ವಿಚಾರಕನಿಗೆ ಇನ್ನೊಂದು ಪಾಲು, ಹೀಗೆ ಪದರ ಪದರವಾಗಿ ಹಕ್ಕುಗಳು ಕೂತವು. ಯೋಧರು ಕಟ್ಟಿದ ಕಾಮಾಕುರಾ ಸರ್ಕಾರವು ಈ ಪದರಗಳನ್ನು ಕೀಳಲಿಲ್ಲ, ತನ್ನ ಯೋಧರನ್ನು ಜಿತೊ ಎಂಬ ಭೂ ಅಧಿಕಾರಿಗಳನ್ನಾಗಿ ನೇಮಿಸಿ ಇನ್ನೊಂದು ಪದರವನ್ನು ಸೇರಿಸಿತು. ಮುರೊಮಾಚಿ ಕಾಲದಲ್ಲಿ ಅವು ಹರಿದು ಚಿಂದಿಯಾದವು. 1467ರಿಂದ 1477ರವರೆಗಿನ ಓನಿನ್ ಯುದ್ಧದ ಬಳಿಕ ದೂರದ ಕ್ಯೋಟೋದಲ್ಲಿದ್ದ ಒಡೆಯರಿಗೆ ಅಕ್ಕಿ ಬರುವುದು ಬಹುಮಟ್ಟಿಗೆ ನಿಂತೇಹೋಯಿತು.

ಈಗ ಅಜುಚಿ-ಮೊಮೊಯಾಮಾಕ್ಕೆ ಬನ್ನಿ. ಮೂವತ್ತು ವರ್ಷಗಳ ಚಿಕ್ಕ ಕಾಲವೆಂದು, ಕೋಟೆಗಳು ಮತ್ತು ಚಿನ್ನದ ಹಾಳೆಯ ಚಿತ್ರಪರದೆಗಳ ಕಾಲವೆಂದು ಬಹಳ ಜನ ಇದನ್ನು ದಾಟಿಹೋಗುತ್ತಾರೆ. ಆದರೆ ನನ್ನ ದೃಷ್ಟಿಯಲ್ಲಿ ಇಡೀ ಸಾಲಿನಲ್ಲಿ ಇದಕ್ಕಿಂತ ಆಳವಾದ ಗೆರೆ ಇನ್ನೊಂದಿಲ್ಲ. 1582ರಲ್ಲಿ, ದೇಶವನ್ನು ಒಂದುಗೂಡಿಸಲು ಹೊರಟಿದ್ದ ಸೇನಾನಾಯಕ ಓದಾ ನೊಬುನಾಗಾ ಹೊನ್ನೋಜಿ ದೇವಾಲಯದಲ್ಲಿ ಸತ್ತ ಮೇಲೆ ಅಧಿಕಾರಕ್ಕೆ ಬಂದ ತೊಯೊತೊಮಿ ಹಿದೆಯೊಶಿ ಅದೇ ವರ್ಷ ಭೂಮಾಪನವನ್ನು ಆರಂಭಿಸಿ 1598ರಲ್ಲಿ ತಾನು ಸಾಯುವವರೆಗೂ ಮುಂದುವರಿಸಿದ. ಅಳತೆಯ ಕೋಲು ಮತ್ತು ಅಕ್ಕಿ ಅಳೆಯುವ ಪೆಟ್ಟಿಗೆ ಎಲ್ಲ ಕಡೆಯೂ ಒಂದೇ ಆಗಬೇಕೆಂದು ವಿಧಿಸಿದ. ಪ್ರತಿಯೊಂದು ತುಂಡು ಗದ್ದೆಯ ದರ್ಜೆ, ಅದು ಕೊಡಬಲ್ಲ ಅಕ್ಕಿಯ ಪ್ರಮಾಣ ಮತ್ತು ಅದನ್ನು ನಿಜವಾಗಿ ಉಳುವ ಒಬ್ಬನೇ ರೈತನ ಹೆಸರು ದಾಖಲೆಗೆ ಬಂತು. ಎಂಟು ಶತಮಾನಗಳಿಂದ ಬೆಳೆದುಬಂದ ಹಕ್ಕಿನ ಪದರಗಳೆಲ್ಲ ಆ ಒಂದು ಸಾಲಿನ ದಾಖಲೆಯಲ್ಲಿ ಅಳಿಸಿಹೋದವು. 1588ರಲ್ಲಿ ರೈತರಿಂದ ಕತ್ತಿ, ಈಟಿ, ಬಂದೂಕುಗಳನ್ನು ಕಸಿದುಕೊಂಡದ್ದು ಇದರ ಜೋಡಿ ಕ್ರಮ. ಅಲ್ಲಿಯವರೆಗೆ ಹಳ್ಳಿಯಲ್ಲೇ ಇದ್ದು, ಬೇಕಾದಾಗ ಉತ್ತು ಬೇಕಾದಾಗ ಕಾದುತ್ತಿದ್ದವನು ಈಗ ಯೋಧನೋ ರೈತನೋ ಒಂದನ್ನು ಆರಿಸಿಕೊಳ್ಳಬೇಕಾಯಿತು.

ಎಡೊ ಕಾಲದ 260ಕ್ಕೂ ಹೆಚ್ಚು ಸಂಸ್ಥಾನಗಳ ವ್ಯವಸ್ಥೆ ನಿಂತದ್ದು ಈ ಅಳತೆಯ ಮೇಲೆಯೇ. ಒಬ್ಬ ವ್ಯಕ್ತಿಗೆ ಒಂದು ವರ್ಷಕ್ಕೆ ಸಾಕಾಗುವಷ್ಟೆಂದು ಹೇಳುವ ಸುಮಾರು 180 ಲೀಟರ್ ಅಕ್ಕಿಗೆ ಒಂದು ಕೊಕು. ಹತ್ತು ಸಾವಿರ ಅಥವಾ ಅದಕ್ಕಿಂತ ಹೆಚ್ಚು ಕೊಕುಗಳ ನೆಲವಿದ್ದವನು ದೈಮ್ಯೊ, ಅಂದರೆ ಸಂಸ್ಥಾನದ ಒಡೆಯ. ಯುದ್ಧಕ್ಕೆ ಎಷ್ಟು ಸೈನಿಕರನ್ನು ಕಳಿಸಬೇಕೆಂಬುದು ಅದೇ ಲೆಕ್ಕದಲ್ಲಿ ನಿರ್ಧಾರವಾಗುತ್ತಿತ್ತು. ಹಾಗಾಗಿ ಎಡೊ ಆರಂಭಕ್ಕೆ ಸೆಕಿಗಾಹಾರಾ ಯುದ್ಧದ 1600 ಸರಿಯೋ, ತೊಕುಗಾವಾ ಇಯೆಯಾಸು ಶೋಗನ್ (ಯೋಧ ಸರ್ಕಾರದ ಮುಖ್ಯಸ್ಥ) ಆದ 1603 ಸರಿಯೋ ಎಂಬ ಚರ್ಚೆಗೆ ಹಳ್ಳಿಯ ಮಟ್ಟದಲ್ಲಿ ಹೆಚ್ಚಿನ ತೂಕವಿಲ್ಲ. ಹಳ್ಳಿಗೆ ಮುಂದಿನ ದೊಡ್ಡ ಗಡಿ ಮೇಜಿ ಯುಗ ಆರಂಭವಾದ 1868 ಕೂಡ ಅಲ್ಲ, 1873. ಆ ವರ್ಷ ಮೇಜಿ ಸರ್ಕಾರ ಅಕ್ಕಿಯ ಕಂದಾಯವನ್ನು ನಿಲ್ಲಿಸಿ, ಭೂಮಿಯ ಬೆಲೆಯ ಶೇ. 3ನ್ನು ನಗದಾಗಿ ಕೊಡಬೇಕೆಂದು ವಿಧಿಸಿತು. ರೈತರು ದಂಗೆಯೆದ್ದ ಮೇಲೆ 1877ರಲ್ಲಿ ಅದು ಶೇ. 2.5ಕ್ಕೆ ಇಳಿಯಿತು. ಬೆಳೆ ಹೋದರೂ ಹಣ ಕಟ್ಟಲೇಬೇಕಾದ್ದರಿಂದ ನೆಲ ಕಳೆದುಕೊಂಡು ಗೇಣಿದಾರರಾದವರ ಸಂಖ್ಯೆ ಬೆಳೆಯಿತು. ಅವರ ಕೈಗೆ ನೆಲ ಮರಳಿದ್ದು ಎರಡನೆಯ ಮಹಾಯುದ್ಧದ ನಂತರದ ಭೂಸುಧಾರಣೆಯಲ್ಲಿ.

ಉತ್ತರ (ಮೂಡಣ ದಿಕ್ಕು)

ತಾಳೆಗರಿ ಅವರ ವಾದವನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೆ ಕಾಮಾಕುರಾ ಸರ್ಕಾರ ‘ಇನ್ನೊಂದು ಪದರವನ್ನು ಸೇರಿಸಿತು’ ಎಂದು ಒಂದು ವಾಕ್ಯದಲ್ಲಿ ಮುಗಿಸಿದ್ದು ಆ ಕಾಲಕ್ಕೆ ನ್ಯಾಯ ಒದಗಿಸುವುದಿಲ್ಲ. ಮೂಲ ಪ್ರಶ್ನೆಯಲ್ಲಿರುವ 1185 ಮತ್ತು 1192ರ ಗೊಂದಲವೂ ಅಲ್ಲಿಯೇ ಬಿಡಿಸಿಕೊಳ್ಳುತ್ತದೆ.

ಮಿನಾಮೊತೊ ನೊ ಯೊರಿತೊಮೊ ಕಾಮಾಕುರಾದಲ್ಲಿ ನೆಲೆ ಮಾಡಿಕೊಂಡು ತನ್ನ ಯೋಧರನ್ನು ನೋಡಿಕೊಳ್ಳಲು ಕಚೇರಿ ತೆರೆದದ್ದು 1180ರಲ್ಲಿ. ಪೂರ್ವದ ಪ್ರಾಂತಗಳ ಮೇಲೆ ಅವನಿಗಿದ್ದ ಹಿಡಿತವನ್ನು ಕ್ಯೋಟೋದ ಆಸ್ಥಾನ ಮಾನ್ಯ ಮಾಡಿದ್ದು 1183ರಲ್ಲಿ. ದಾನ್-ನೊ-ಉರಾ ಕಡಲಯುದ್ಧದಲ್ಲಿ ಎದುರಾಳಿ ತೈರಾ ಮನೆತನ ನಾಶವಾಗಿ, ಬಾಲ ಚಕ್ರವರ್ತಿ ಅಂತೊಕು ಮುಳುಗಿ ಸತ್ತದ್ದು 1185ರ ವಸಂತದಲ್ಲಿ. ಅದೇ ವರ್ಷದ ಕೊನೆಗೆ ಪ್ರಾಂತಗಳಿಗೆ ಶುಗೊ ಎಂಬ ಸೇನಾ ಅಧಿಕಾರಿಗಳನ್ನೂ ಹಿಡುವಳಿಗಳಿಗೆ ಜಿತೊಗಳನ್ನೂ ನೇಮಿಸುವ ಹಕ್ಕು ಯೊರಿತೊಮೊನ ಕೈಗೆ ಬಂತು. ಶೋಗನ್ ಪದವಿಗೆ ಅಡ್ಡ ನಿಂತಿದ್ದ ನಿವೃತ್ತ ಚಕ್ರವರ್ತಿ ಗೊ-ಶಿರಾಕಾವಾ 1192ರಲ್ಲಿ ತೀರಿಕೊಂಡ ನಂತರವೇ ಯೊರಿತೊಮೊಗೆ ಆ ಪದವಿ ದೊರೆತದ್ದು. ಅಂದರೆ 1192 ಬಿರುದು ಸಿಕ್ಕ ವರ್ಷ, 1185 ಅಧಿಕಾರ ಸಿಕ್ಕ ವರ್ಷ. ಜಪಾನಿನ ಶಾಲಾ ಪುಸ್ತಕಗಳು ಬಹುಕಾಲ 1192ನ್ನೇ ಕಲಿಸಿದವು, ಈಗ ಹೆಚ್ಚಿನವು 1185ರ ಕಡೆಗೆ ವಾಲಿವೆ. ಆ ಬದಲಾವಣೆ ಸರಿಯಾದದ್ದೆಂದೇ ನನ್ನ ಅಭಿಪ್ರಾಯ. ಮುರೊಮಾಚಿಯ 1336 ಮತ್ತು 1338ರ ನಡುವೆಯೂ ಇದೇ ವ್ಯತ್ಯಾಸ: ಅಶಿಕಾಗಾ ತಾಕಾವುಜಿ ಆಡಳಿತದ ನಿಯಮಗಳನ್ನು ಹೊರಡಿಸಿದ್ದು ಮೊದಲು, ಶೋಗನ್ ಆದದ್ದು ಆಮೇಲೆ. ಕೊನೆಯ ಅಶಿಕಾಗಾ ಶೋಗನ್ ಯೊಶಿಆಕಿಯನ್ನು ನೊಬುನಾಗಾ 1573ರಲ್ಲಿ ಕ್ಯೋಟೋದಿಂದ ಓಡಿಸಿದರೂ ಅವನು ಪದವಿಯನ್ನು ಬಿಟ್ಟುಕೊಟ್ಟದ್ದು 1588ರಲ್ಲಿ. ಪದವಿಯ ಲೆಕ್ಕವನ್ನೇ ಹಿಡಿದರೆ ಮುರೊಮಾಚಿ ಯುಗವನ್ನು ಇನ್ನೂ ಹದಿನೈದು ವರ್ಷ ಎಳೆಯಬೇಕಾಗುತ್ತದೆ, ಹಾಗೆ ಯಾರೂ ಮಾಡುವುದಿಲ್ಲ.

ಜಿತೊ ಎಂಬ ಪದರದ ಬೆಲೆ ಏನೆಂದು ತಿಳಿಯಲು ತಾಕೆಜಾಕಿ ಸುಯೆನಾಗಾ ಎಂಬ ಯೋಧನನ್ನು ನೋಡಬೇಕು. 1274ರಲ್ಲಿ ಮಂಗೋಲರು ಹಾಕಾತಾ ಕೊಲ್ಲಿಗೆ ಬಂದಿಳಿದಾಗ ಕ್ಯುಶುವಿನ ಈ ಯೋಧ ಬೆರಳೆಣಿಕೆಯ ಜೊತೆಗಾರರೊಂದಿಗೆ ಮುನ್ನುಗ್ಗಿ ಗಾಯಗೊಂಡ. ಬಹುಮಾನ ಬರಲಿಲ್ಲ. ಮರುವರ್ಷ ಕುದುರೆ, ಜೀನುಗಳನ್ನು ಮಾರಿ ದಾರಿಖರ್ಚು ಹೊಂದಿಸಿಕೊಂಡು ದೂರದ ಕಾಮಾಕುರಾಕ್ಕೆ ಹೋದ. ಮೊದಲು ಯಾರೂ ಅವನ ಮಾತು ಕೇಳಲಿಲ್ಲ. ಕೊನೆಗೆ ಬಹುಮಾನದ ಹೊಣೆ ಹೊತ್ತಿದ್ದ ಅದಾಚಿ ಯಾಸುಮೊರಿಯ ಮುಂದೆ ಅಹವಾಲು ಹೇಳಿಕೊಂಡು, ತನ್ನ ಸೀಮೆಯಲ್ಲೇ ಒಂದು ಹಿಡುವಳಿಯ ಜಿತೊ ಆಗಿ ನೇಮಕ ಪಡೆದು ಹಿಂತಿರುಗಿದ. ಈ ಕಥೆಯನ್ನೆಲ್ಲ ಅವನೇ ಚಿತ್ರಸುರುಳಿಯಾಗಿ ಬರೆಸಿದ್ದರಿಂದ ಅದು ನಮಗೆ ತಿಳಿದಿದೆ.

ಯೋಧನೊಬ್ಬ ರಕ್ತ ಸುರಿಸುವುದು, ಸರ್ಕಾರ ಅದಕ್ಕೆ ಪ್ರತಿಯಾಗಿ ನೆಲದ ಹಕ್ಕು ಕೊಡುವುದು, ಜಗಳ ಬಂದರೆ 1232ರ 51 ವಿಧಿಗಳ ಸಂಹಿತೆಯ ಪ್ರಕಾರ ನ್ಯಾಯ ತೀರ್ಮಾನಿಸುವುದು: ಇವು ಮೂರೂ ಸೇರಿ ಕಾಮಾಕುರಾವನ್ನು ಹೇಯಾನ್‌ನಿಂದ ಬೇರೆ ಮಾಡಿದವು. ಆ ಸರ್ಕಾರ ಕುಸಿದ ಬಗೆಯೂ ಇದರಲ್ಲೇ ಅಡಗಿದೆ. 1221ರಲ್ಲಿ ನಿವೃತ್ತ ಚಕ್ರವರ್ತಿ ಗೊ-ತೊಬಾ ದಂಡೆತ್ತಿ ಸೋತಾಗ ಅವನ ಪಕ್ಷದವರ ನೆಲ ಹಂಚಲು ಸಿಕ್ಕಿತ್ತು. ಮಂಗೋಲರನ್ನು 1274ರಲ್ಲಿಯೂ 1281ರಲ್ಲಿಯೂ ಹಿಮ್ಮೆಟ್ಟಿಸಿದಾಗ ಒಂದು ಅಂಗುಲ ನೆಲವೂ ಸಿಗಲಿಲ್ಲ. ಕಾದಿದವರು ಸಾಲಗಾರರಾದರು, ಅಸಮಾಧಾನ ಬೆಳೆಯಿತು, 1333ರಲ್ಲಿ ಕಾಮಾಕುರಾ ಬಿತ್ತು. ಬೇರೆ ಕಾರಣಗಳೂ ಇದ್ದವು, ಆದರೆ ಇದನ್ನು ಬಿಟ್ಟು ಆ ಪತನವನ್ನು ವಿವರಿಸಲಾಗದು.

ಉತ್ತರ (ಉತ್ತರ ಧ್ರುವತಾರೆ)

ಇಬ್ಬರೂ ಹಿರಿಯರು ಬರೆದದ್ದನ್ನು ಓದಿ ಬಹಳ ಕಲಿತೆ. ಒಂದು ಆಕ್ಷೇಪವನ್ನು ವಿನಯದಿಂದ ಮುಂದಿಡುತ್ತೇನೆ. ಈ ಕಾಲಘಟ್ಟಗಳ ಸಾಲು ಹೊನ್ಶು, ಶಿಕೊಕು, ಕ್ಯುಶು ದ್ವೀಪಗಳದ್ದೇ ಹೊರತು ಇಂದಿನ ಜಪಾನಿನ ನಕ್ಷೆಯಲ್ಲಿರುವ ಎಲ್ಲ ನೆಲದ್ದಲ್ಲ.

ಉತ್ತರದ ಹೊಕ್ಕೈಡೋ ದ್ವೀಪದಲ್ಲಿ ಯಾಯೊಯಿ ಕಾಲವೇ ಇಲ್ಲ. ಭತ್ತ ಅಲ್ಲಿಗೆ ಹೋಗಲಿಲ್ಲ. ಸಾಲ್ಮನ್ ಮೀನು, ಕಡಲಪ್ರಾಣಿ ಮತ್ತು ಬೇಟೆಯನ್ನು ನೆಚ್ಚಿದ ಬದುಕು ಸುಮಾರು ಏಳನೆಯ ಶತಮಾನದವರೆಗೆ ಮುಂದುವರಿದದ್ದನ್ನು ವಿದ್ವಾಂಸರು ಜೋಮೊನ್‌ನ ಮುಂದುವರಿಕೆಯೆಂದೇ ಕರೆಯುತ್ತಾರೆ. ಅದಾದ ಮೇಲೆ ಸಾತ್ಸುಮೊನ್ ಸಂಸ್ಕೃತಿ, ಈಶಾನ್ಯದ ಕರಾವಳಿಯಲ್ಲಿ ಓಖೋತ್ಸ್ಕ್ ಸಂಸ್ಕೃತಿ, ಅವುಗಳ ಹಿನ್ನೆಲೆಯಿಂದ ಐನು ಸಂಸ್ಕೃತಿ. ನಾರಾ, ಹೇಯಾನ್ ಎಂಬ ಹೆಸರುಗಳಿಗೆ ಅಲ್ಲಿ ಅರ್ಥವೇ ಇಲ್ಲ. ಎಡೊ ಕಾಲದಲ್ಲಿ ದ್ವೀಪದ ದಕ್ಷಿಣ ತುದಿಯಲ್ಲಿದ್ದ ಮಾತ್ಸುಮಾಯೆ ಸಂಸ್ಥಾನಕ್ಕೆ ಅಕ್ಕಿಯ ಬೆಳೆಯಿರಲಿಲ್ಲ; ಐನು ಜನರೊಡನೆ ವ್ಯಾಪಾರ ಮಾಡುವ ಏಕಸ್ವಾಮ್ಯವೇ ಅದರ ಆದಾಯ. ಬೇರೆ ದೈಮ್ಯೊಗಳು ತಮ್ಮ ಸೇವಕರಿಗೆ ಅಕ್ಕಿಯನ್ನೋ ನೆಲವನ್ನೋ ಕೊಟ್ಟರೆ ಮಾತ್ಸುಮಾಯೆ ಒಡೆಯನು ಕಡಲತೀರದ ಒಂದೊಂದು ವ್ಯಾಪಾರ ಕಟ್ಟೆಯ ಹಕ್ಕನ್ನು ಕೊಡುತ್ತಿದ್ದ. ಅಕ್ಕಿಯ ಎಳೆ ಇಲ್ಲಿ ತುಂಡಾಗುತ್ತದೆ ಎಂಬುದನ್ನು ಗಮನಿಸಬೇಕು. ವ್ಯಾಪಾರದ ಶರತ್ತುಗಳು ಬಿಗಿಯಾದಾಗ 1669ರಲ್ಲಿ ಶಾಕುಶಾಯಿನ್ ಎಂಬ ಐನು ನಾಯಕ ದಂಗೆಯೆದ್ದ. ಸಂಧಾನದ ನೆಪದಲ್ಲಿ ಕರೆಸಿ ಅವನನ್ನು ಕೊಲ್ಲಲಾಯಿತು. ಅಲ್ಲಿಯ ಜನರ ಪಾಲಿಗೆ ದೊಡ್ಡ ಗಡಿಗಳೆಂದರೆ ಇದು ಮತ್ತು ಮೇಜಿ ಸರ್ಕಾರ ದ್ವೀಪಕ್ಕೆ ಹೊಸ ಹೆಸರಿಟ್ಟು ನೇರವಾಗಿ ತನ್ನ ಆಡಳಿತಕ್ಕೆ ತೆಗೆದುಕೊಂಡ 1869.

ದಕ್ಷಿಣದ ರ್ಯೂಕ್ಯೂ ದ್ವೀಪಗಳದ್ದು ಇನ್ನೊಂದು ಕಾಲಗಣನೆ. ಮೂರು ರಾಜ್ಯಗಳನ್ನು ಶೋ ಹಾಶಿ 1429ರಲ್ಲಿ ಒಂದುಗೂಡಿಸಿದ. 1609ರಲ್ಲಿ ಸಾತ್ಸುಮಾ ಸಂಸ್ಥಾನದ ಸೈನ್ಯ ಬಂದು ಗೆದ್ದಿತು. ಆಮೇಲೂ ಅಲ್ಲಿಯ ರಾಜ ಚೀನಾಕ್ಕೆ ಕಪ್ಪಕಾಣಿಕೆ ಕಳಿಸುತ್ತಲೇ ಇದ್ದ. 1879ರಲ್ಲಿ ರಾಜ್ಯವನ್ನು ರದ್ದುಮಾಡಿ ಒಕಿನಾವಾ ಪ್ರಾಂತವನ್ನಾಗಿ ಮಾಡಲಾಯಿತು. ಯುದ್ಧಾನಂತರದ ಅಮೆರಿಕದ ಆಡಳಿತ ಜಪಾನಿನ ಬಹುಭಾಗದಲ್ಲಿ 1952ರಲ್ಲಿ ಮುಗಿದರೆ ಒಕಿನಾವಾದಲ್ಲಿ 1972ರ ಮೇ 15ರವರೆಗೆ ಇತ್ತು. ಆದ್ದರಿಂದ ಮೂಲ ಪ್ರಶ್ನೆಯ ಸಾಲನ್ನು ಓದುವಾಗ ಅದರ ಪಕ್ಕದಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಸಾಲನ್ನು ಬರೆದಿಟ್ಟುಕೊಳ್ಳಿ ಎಂದು ಸೂಚಿಸುತ್ತೇನೆ.

ಮರುಪ್ರಶ್ನೆ (ಚರಿತ್ರೆಯ ಓದುಗಿ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ಸಾಲುಗಳ ಪಟ್ಟಿಯನ್ನು ಇಂದೇ ಆರಂಭಿಸುತ್ತೇನೆ. ಒಂದು ಮಾತ್ರ ಉಳಿಯಿತು. ಗೆನ್ರೊಕು, ಅನ್ಸೇ, ಕೇಓ ಎಂಬ ಹೆಸರುಗಳೂ ಪುಸ್ತಕಗಳಲ್ಲಿ ಬರುತ್ತವೆ. ಇವು ಎಡೊ ಯುಗದ ಒಳವಿಭಾಗಗಳೇ? ಮೇಜಿ, ಶೋವಾ ಕೂಡ ಇದೇ ಜಾತಿಯವೇ?

ಉತ್ತರ (ತಾಳೆಗರಿ)

ಹೌದು ಮೇಡಂ, ಮೇಜಿಯೂ ಅದೇ ಜಾತಿಯದು, ಆದರೆ ಅದರ ನಿಯಮ ಬೇರೆ. ಇವು ವರ್ಷಗಳನ್ನು ಎಣಿಸಲು ಆಸ್ಥಾನ ಘೋಷಿಸುತ್ತಿದ್ದ ಹೆಸರುಗಳು. ಮೊದಲನೆಯದು 645ರ ತೈಕಾ; 701ರಿಂದ ಇಂದಿನವರೆಗೆ ನಡುವೆ ಬಿಡುವಿಲ್ಲದೆ ನಡೆದುಬಂದಿವೆ. ಹಿಂದೆ ಆಳ್ವಿಕೆಯ ನಡುವೆಯೂ ಹೆಸರು ಬದಲಾಗುತ್ತಿತ್ತು. ಮುಸಾಶಿ ಪ್ರಾಂತದಿಂದ ತಾಮ್ರ ಸಿಕ್ಕಿತೆಂದು 708ರಲ್ಲಿ ಶುಭಸೂಚಕವಾಗಿ ಬದಲಾಯಿತು. ಅಮೆರಿಕದ ಹಡಗುಗಳು, ಅರಮನೆಯ ಬೆಂಕಿ, ಭೂಕಂಪ ಇವುಗಳ ಅನಿಷ್ಟ ಕಳೆಯಲೆಂದು 1854ರಲ್ಲಿ ಅನ್ಸೇ ಎಂದಾಯಿತು. ಮೇಜಿ ಚಕ್ರವರ್ತಿಯ ತಂದೆ ಕೋಮೇಯ ಆಳ್ವಿಕೆಯೊಂದರಲ್ಲೇ ಹೆಸರು ಆರು ಸಲ ಬದಲಾಗಿದೆ. ಒಬ್ಬ ಚಕ್ರವರ್ತಿಗೆ ಒಂದೇ ಹೆಸರು ಎಂಬ ನಿಯಮ ಬಂದದ್ದು 1868ರಲ್ಲಿ. ಹೀಗಾಗಿ ಗೆನ್ರೊಕುವನ್ನು ಎಡೊ ಯುಗದ ಒಳವಿಭಾಗವೆಂದು ಎಣಿಸಬೇಡಿ. ಅದು ಆ ಯುಗದೊಳಗಿನ ಕೆಲವು ವರ್ಷಗಳ ಗುರುತು ಮಾತ್ರ.

ಇಸವಿಗಳನ್ನು ಹೊಂದಿಸುವಾಗ ಒಂದು ಎಚ್ಚರ ಬೇಕು. 1872ರ ಕೊನೆಯವರೆಗೂ ಜಪಾನ್ ಚಾಂದ್ರಮಾನ ಆಧಾರಿತ ಪಂಚಾಂಗವನ್ನು ಬಳಸುತ್ತಿತ್ತು. ಅಕೋ ಸಂಸ್ಥಾನದ 47 ಯೋಧರು ತಮ್ಮ ಒಡೆಯನ ಸಾವಿನ ಸೇಡು ತೀರಿಸಿದ್ದು ಗೆನ್ರೊಕು 15ನೆಯ ವರ್ಷದ ಹನ್ನೆರಡನೆಯ ತಿಂಗಳ 14ರ ರಾತ್ರಿ. ಗೆನ್ರೊಕು 15 ಎಂದರೆ 1702 ಎಂದು ಹಲವರು ಬರೆಯುತ್ತಾರೆ, ದಿನವನ್ನು ಲೆಕ್ಕಹಾಕಿದರೆ ಅದು 1703ರ ಜನವರಿ ಕೊನೆಗೆ ಬೀಳುತ್ತದೆ. ಒಂದು ವರ್ಷದ ವ್ಯತ್ಯಾಸ ಕಂಡಾಗ ಮೊದಲು ತಿಂಗಳನ್ನು ನೋಡಿ. ಮೇಜಿ 5ನೆಯ ವರ್ಷದ ಹನ್ನೆರಡನೆಯ ತಿಂಗಳಿನ ಮೂರನೆಯ ದಿನವನ್ನೇ 1873ರ ಜನವರಿ 1 ಎಂದು ಘೋಷಿಸಿದ್ದರಿಂದ ಆ ತಿಂಗಳಿಗೆ ಎರಡೇ ದಿನಗಳಿದ್ದವು.

ಆಧುನಿಕ ಹೆಸರುಗಳಲ್ಲಿ ಶೋವಾ ಬಗ್ಗೆ ವಿಶೇಷ ಗಮನವಿರಲಿ. 1926ರ ಡಿಸೆಂಬರ್ 25ರಿಂದ 1989ರ ಜನವರಿ 7ರವರೆಗೆ ಚಕ್ರವರ್ತಿ ಒಬ್ಬನೇ, ಹೆಸರೂ ಒಂದೇ. ಆದರೆ 1889ರ ಸಂವಿಧಾನದಲ್ಲಿ ಸಾರ್ವಭೌಮನಾಗಿದ್ದವನು 1947ರಲ್ಲಿ ಜಾರಿಗೆ ಬಂದ ಸಂವಿಧಾನದಲ್ಲಿ ರಾಷ್ಟ್ರದ ಸಂಕೇತವಾದ. ಗೇಣಿದಾರನಿಗೆ ನೆಲ, ಹೆಣ್ಣಿಗೆ ಮತದಾನದ ಹಕ್ಕು ಬಂದದ್ದೂ ಯುದ್ಧ ಮುಗಿದ ಆ ಕೆಲವೇ ವರ್ಷಗಳಲ್ಲಿ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಶೋವಾವನ್ನು ಒಂದೇ ಮನೆಯಲ್ಲಿ ತುಂಬದೆ, 1945ರ ಆಗಸ್ಟ್‌ನಲ್ಲಿ ಎರಡಾಗಿ ಸೀಳಿ ಬರೆಯಿರಿ.